ಮಂತ್ರಕ್ಕೆ ತೆರಬೇಕಾದ ಬೆಲೆ

ಕಥೆಯೊಳಗೆ ಮಂತ್ರಶಕ್ತಿಯನ್ನು ತರುವುದು ಸುಲಭ. ತಂದ ಮೇಲೆ ಅದನ್ನು ಹದ್ದಿನಲ್ಲಿಡುವುದು ಕಷ್ಟ. ಒಂದು ಮಾತಿನಿಂದ ಕೋಟೆಯನ್ನು ಕೆಡವಬಲ್ಲವನೊಬ್ಬನು ಜೊತೆಗಿರಲು, ಕತ್ತಿ ಹಿಡಿದು ಬಂದ ಉಳಿದವರಿಗೆ ಅಲ್ಲಿ ಏನು ಕೆಲಸ? ಕಾದಂಬರಿಕಾರನು ಈ ತೊಡಕನ್ನು ತನ್ನ ಇಚ್ಛೆಯಂತೆ ಬಿಡಿಸಿಕೊಳ್ಳಬಲ್ಲನು. ಬೇಡವಾದಾಗ ಮಂತ್ರಜ್ಞನನ್ನು ಊರಾಚೆಗೆ ಕಳುಹಿಸಿಬಿಡಬಹುದು. ಆದರೆ ಐದಾರು ಮಂದಿ ಒಂದು ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರವನ್ನು ವಹಿಸಿ, ದಾಳ ಉರುಳಿಸುತ್ತ ಕಥೆಯನ್ನು ಕೂಡಿ ಕಟ್ಟುವ ಆಟದಲ್ಲಿ ಆ ಸ್ವಾತಂತ್ರ್ಯವಿಲ್ಲ. ಅಲ್ಲಿ ಪ್ರತಿಯೊಂದು ಪಾತ್ರದ ಹಿಂದೆಯೂ ತನ್ನ ಸರದಿಗಾಗಿ ಕಾದಿರುವ ಒಬ್ಬ ಮನುಷ್ಯನುಂಟು.

ಇಂಥ ಆಟಗಳಿಗೆಲ್ಲ ಹಿರಿಯಣ್ಣನಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಅಮೆರಿಕದಲ್ಲಿ 1974ರಲ್ಲಿ ಪ್ರಕಟವಾಯಿತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅದರ ಕರ್ತರು. ಯೋಧ, ಮಂತ್ರವಾದಿ, ದೈವಬಲವನ್ನು ನೆಚ್ಚಿದ ಕ್ಲೆರಿಕ್ ಎಂದು ಅದರಲ್ಲಿ ಮೊದಲಿಗೆ ಮೂರೇ ವರ್ಗಗಳಿದ್ದವು. ಮಂತ್ರದ ಕಟ್ಟಳೆಯನ್ನು ಅವರು ಸಾಹಿತ್ಯದಿಂದಲೇ ಎರವಲು ಪಡೆದರೆಂಬುದು ವಾಚಕರಿಗೆ ಸ್ವಾರಸ್ಯವೆನಿಸಬಹುದು. ಜಾಕ್ ವ್ಯಾನ್ಸ್ 1950ರಲ್ಲಿ ಪ್ರಕಟಿಸಿದ ‘ದ ಡೈಯಿಂಗ್ ಅರ್ಥ್’ ಎಂಬ ಕೃತಿಯಲ್ಲಿ, ಕಷ್ಟಪಟ್ಟು ಬಾಯಿಪಾಠ ಮಾಡಿದ ಮಂತ್ರವು ಒಮ್ಮೆ ಪ್ರಯೋಗಿಸಿದೊಡನೆ ನೆನಪಿನಿಂದ ಅಳಿಸಿಹೋಗುತ್ತದೆ. ಆಟಕ್ಕೂ ಇದೇ ನಿಯಮವಾಯಿತು.

ಬೆಲೆ ಅಷ್ಟಕ್ಕೇ ಮುಗಿಯಲಿಲ್ಲ. 1978ರ ಕೈಪಿಡಿಯಂತೆ ಹೊಸ ಮಂತ್ರವಾದಿಗೆ ದಿನಕ್ಕೊಂದೇ ಮಂತ್ರ. ಪೆಟ್ಟು ತಾಳುವ ಶಕ್ತಿಯನ್ನು ಎಣಿಸಲು ಯೋಧನಿಗೆ ಹತ್ತು ಮುಖದ ದಾಳವಾದರೆ ಇವನಿಗೆ ನಾಲ್ಕು ಮುಖದ್ದು. ಉಚ್ಚಾರದ ನಡುವೆ ಪೆಟ್ಟು ಬಿದ್ದರೆ ಮಂತ್ರವೇ ವ್ಯರ್ಥ. ಎರಡನೆಯ ಮಟ್ಟಕ್ಕೇರಲು ಯೋಧನು ಸುಮಾರು 2,000 ಅನುಭವಾಂಕಗಳನ್ನು ಗಳಿಸಿದರೆ ಸಾಕು. ಇವನಿಗೆ ಸುಮಾರು 2,500 ಬೇಕು. ಎಳೆತನದ ಬಡತನವೇ ಮುಪ್ಪಿನ ಸಂಪತ್ತಿಗೆ ತೆತ್ತ ಸುಂಕವೆಂಬುದು ಇಲ್ಲಿಯ ನ್ಯಾಯ. ನ್ಯಾಯವೇನೋ ಸರಿ, ಆದರೆ ಅದು ವರ್ಷಗಟ್ಟಲೆ ಆಡಿದವರಿಗೆ ಮಾತ್ರ ಸಲ್ಲತಕ್ಕದ್ದು. ಒಂದು ಸಂಜೆಯ ಆಟವನ್ನು ನೋಡಿದರೆ, ಮೊದಮೊದಲು ಮಂತ್ರವಾದಿಯೂ ಕಡೆಕಡೆಗೆ ಯೋಧನೂ ಕೈಕಟ್ಟಿ ಕೂರಬೇಕಾಗುತ್ತಿತ್ತು.

2000ದಲ್ಲಿ ಬಂದ ಮೂರನೆಯ ಆವೃತ್ತಿಯು ಈ ಸುಂಕಗಳನ್ನು ಬಹುಮಟ್ಟಿಗೆ ಇಳಿಸಿತು. ಅನುಭವಾಂಕಗಳ ಲೆಕ್ಕ ಎಲ್ಲರಿಗೂ ಒಂದೇ ಆಯಿತು; ಪೆಟ್ಟು ಬಿದ್ದರೂ ದಾಳ ಒಲಿದರೆ ಮಂತ್ರ ಉಳಿಯುವಂತಾಯಿತು. ಓದಿ ಕಲಿತ ವಿಜರ್ಡನಿಗೆ ಎದುರಾಗಿ, ಹುಟ್ಟಿನಿಂದಲೇ ಶಕ್ತಿ ಪಡೆದ ಸಾರ್ಸರರ್ ಎಂಬ ಹೊಸಬನು ಬಂದುದೂ ಆಗಲೇ. ನಮ್ಮ ಆಲಂಕಾರಿಕರು ಕವಿಗೆ ಪ್ರತಿಭೆ, ವ್ಯುತ್ಪತ್ತಿ ಎರಡೂ ಬೇಕೆಂದರು. ಈ ಆಟವು ಅವನ್ನು ಇಬ್ಬರಿಗೆ ಹಂಚಿ ಎದುರುಬದುರು ನಿಲ್ಲಿಸಿತೆನ್ನಬಹುದು. ವಿಜರ್ಡನು ತನ್ನ ಹೊತ್ತಗೆಯಲ್ಲಿ ಎಷ್ಟು ಮಂತ್ರಗಳನ್ನಾದರೂ ಬರೆದುಕೊಳ್ಳಬಹುದು. ಆದರೆ ಇಂದು ಯಾವುದು ಎಷ್ಟು ಸಲ ಬೇಕೆಂಬುದನ್ನು ಮೊದಲೇ ಗೊತ್ತುಮಾಡಿಕೊಂಡಿರಬೇಕು. ಸಾರ್ಸರರನು ಬಲ್ಲ ಮಂತ್ರಗಳು ಕೆಲವೇ. ಬಲ್ಲವನ್ನು ಆ ದಿನದ ಶಕ್ತಿಯಿರುವವರೆಗೆ ಬೇಕಾದ ಕ್ಷಣದಲ್ಲಿ ಬೇಕಾದಷ್ಟು ಸಲ ಬಳಸಬಲ್ಲನು.

ಮೇಲುನೋಟಕ್ಕೆ ತಕ್ಕಡಿ ಸರಿಯಾಗಿಯೇ ಕಾಣುತ್ತದೆ. ಆದರೂ ವಿಜರ್ಡನ ತಟ್ಟೆಯೇ ತೂಗಿತು. ಎರಡನೆಯ ದರ್ಜೆಯ ಮಂತ್ರಗಳು ಅವನಿಗೆ ಮೂರನೆಯ ಮಟ್ಟದಲ್ಲೇ ದೊರೆತರೆ ಸಾರ್ಸರರನು ನಾಲ್ಕನೆಯದರವರೆಗೆ ಕಾಯಬೇಕಾಗಿತ್ತು. ಅದಕ್ಕಿಂತ ಮುಖ್ಯವಾದ ಕಾರಣ, ನಾಳೆಯ ಗಂಡಾಂತರದ ಸುಳಿವು ಸಿಕ್ಕರೆ ಅವನು ನಾಳೆಗೆ ಬೇರೆ ಆಯುಧಗಳನ್ನೇ ಹೂಡಿಕೊಂಡು ಬರಬಲ್ಲನೆಂಬುದು. ಇಂಥ ಆಟದಲ್ಲಿ ಬಲವೆಂದರೆ ಏಟಿನ ಭಾರವೊಂದೇ ಅಲ್ಲ. ತೆರೆಯಬಲ್ಲ ದಾರಿಗಳ ಸಂಖ್ಯೆಯೂ ಬಲವೇ. ಬೀಗ ತೆಗೆಯುವುದನ್ನು ಜೀವಮಾನವೆಲ್ಲ ಕಲಿತ ಕಳ್ಳನ ಪಕ್ಕದಲ್ಲಿ, ‘ನಾಕ್’ ಎಂಬ ಎರಡನೆಯ ದರ್ಜೆಯ ಮಂತ್ರವೊಂದು ಅದೇ ಬೀಗವನ್ನು ಕ್ಷಣದಲ್ಲಿ ತೆರೆಯುತ್ತದೆ. ಆಗ ನೋಯುವವನು ಕಥೆಯ ಕಳ್ಳನಲ್ಲ; ಅವನ ಪಾತ್ರ ವಹಿಸಿ ಕುಳಿತ ಗೆಳೆಯ.

2008ರ ನಾಲ್ಕನೆಯ ಆವೃತ್ತಿ ಈ ಅಸಮತೆಯನ್ನು ಬೇರಿನಿಂದ ಕಿತ್ತೊಗೆಯಲು ಹೊರಟಿತು. ಯೋಧನಿಗೂ ಮಂತ್ರಜ್ಞನಿಗೂ ಒಂದೇ ಏಣಿ: ಸದಾ ಬಳಸತಕ್ಕವು, ಕಾಳಗಕ್ಕೊಮ್ಮೆ ಬಳಸತಕ್ಕವು, ದಿನಕ್ಕೊಮ್ಮೆ ಬಳಸತಕ್ಕವು. ಸಮತೆ ಬಂದಿತು, ಸೊಗಡು ಹೋಯಿತೆಂದು ಬಹುಮಂದಿ ಮುನಿದರು. ಹಳೆಯ ನಿಯಮಗಳನ್ನೇ ತಿದ್ದಿ 2009ರಲ್ಲಿ ಬಂದ ‘ಪಾಥ್‌ಫೈಂಡರ್’ ಎಂಬ ಆಟದ ಕಡೆಗೆ ಅನೇಕರು ತಿರುಗಿದರು.

2014ರ ಐದನೆಯ ಆವೃತ್ತಿ ಹಿಡಿದುದು ನಡುದಾರಿ. ಬಲವಾದ ಹಲವು ಮಂತ್ರಗಳಿಗೆ ಏಕಾಗ್ರತೆ ಬೇಕು. ಅಂಥದನ್ನು ಒಂದು ಸಲಕ್ಕೆ ಒಂದನ್ನು ಮಾತ್ರ ನಿಲ್ಲಿಸಬಹುದು. ಈ ಕಟ್ಟಳೆ ಚಿಕ್ಕದಾದರೂ ಬುದ್ಧಿವಂತಿಕೆಯದು. ಆದರೆ ಅದೇ ಪುಸ್ತಕದ ಇನ್ನೊಂದು ಲೆಕ್ಕವನ್ನು ನೋಡಿ. ಹತ್ತನೆಯ ಮಟ್ಟದ ವಿಜರ್ಡನು ದಿನಕ್ಕೆ 15 ಸಲ ಮಂತ್ರಶಕ್ತಿಯನ್ನು ವೆಚ್ಚಮಾಡಬಲ್ಲನು. ಅತಿಮಾನುಷ ಶಕ್ತಿಯೊಂದರೊಡನೆ ಕರಾರು ಮಾಡಿಕೊಂಡ ವಾರ್ಲಾಕನು ಎರಡೇ ಸಲ. ಒಂದು ಗಂಟೆ ವಿಶ್ರಮಿಸಿದರೆ ಆ ಎರಡೂ ಮರಳಿ ಬರುತ್ತವೆ. ತಂಡವು ದಿನಕ್ಕೆ ಮೂರು ಬಾರಿ ದಣಿವಾರಿಸಿಕೊಂಡರೆ ಇವನು ಬಲಶಾಲಿ. ಒಂದೇ ಕಾಳಗದಲ್ಲಿ ದಿನ ಮುಗಿದರೆ ಬಡವ. ಅಂದಮೇಲೆ ತೂಕದ ಕಲ್ಲು ಪುಸ್ತಕದಲ್ಲಿ ಅರ್ಧ, ಆಟ ನಡೆಸುವವನ ಕೈಯಲ್ಲಿ ಅರ್ಧ.

ಸಮತೂಕವೆಂದರೆ ಸಮಬಲವೆಂದು ತಿಳಿಯುವುದರಿಂದಲೇ ಈ ಚರ್ಚೆ ಐವತ್ತು ವರ್ಷಗಳಿಂದ ತೀರದೆ ಉಳಿದಿದೆಯೆಂದು ನನ್ನ ಅಭಿಪ್ರಾಯ. ಎಲ್ಲರ ಏಟೂ ಒಂದೇ ತೂಕದ್ದಾಗಬೇಕಾಗಿಲ್ಲ. ಪ್ರತಿಯೊಬ್ಬರೂ, ಆ ಸಂಜೆಯಲ್ಲಿ ಒಮ್ಮೆಯಾದರೂ, ತಾನಿಲ್ಲದಿದ್ದರೆ ಈ ಕಥೆ ಮುಂದೆ ಸಾಗುತ್ತಿರಲಿಲ್ಲವೆಂದು ಹೇಳಿಕೊಳ್ಳುವಂತಿರಬೇಕು. ಆ ಹಕ್ಕನ್ನು ಕಾಯುವ ನಿಯಮ ಎಷ್ಟೇ ವಕ್ರವಾಗಿದ್ದರೂ ಒಳ್ಳೆಯದು. ಅದನ್ನು ಕಸಿಯುವ ನಿಯಮ ಎಷ್ಟೇ ನೇರವಾಗಿದ್ದರೂ ತಿದ್ದತಕ್ಕದ್ದು.