ಮಾತಿನ ರೂಢಿಯೂ ವ್ಯಾಕರಣದ ಶಿಕ್ಷಣವೂ

ಪರಭಾಷೆಯನ್ನು ಕಲಿಯುವವನಿಗೆ ಮೊದಲು ವ್ಯಾಕರಣವೋ ಸಂಭಾಷಣೆಯೋ ಎಂಬ ವಾದವು ಹಳೆಯದು. ಚಿಂಚೋಳಿ ತಾಲ್ಲೂಕಿನ ಚಂದ್ರಂಪಳ್ಳಿಯ ಸೀಮೆಯಲ್ಲಿ ಈ ವಾದದ ಉತ್ತರವು ದಿನವೂ ಕಿವಿಗೆ ಬೀಳುತ್ತಿರುವುದು. ಕನ್ನಡ, ತೆಲುಗು, ಉರ್ದು, ಲಂಬಾಣಿಗಳು ಒಂದೇ ಸಂತೆಯಲ್ಲಿ ಕೂಡುವ ಸೀಮೆಯಿದು.

ತೆಲುಗು ಮನೆಮಾತಿನ ಬಾಲಕನು ಕನ್ನಡದಲ್ಲಿ 'ಅಕ್ಕ ಬಂತು' ಎನ್ನುವುದುಂಟು. ಇದು ದಡ್ಡತನವಲ್ಲ. ತೆಲುಗಿನಲ್ಲಿ ಏಕವಚನದ ಸ್ತ್ರೀಲಿಂಗಕ್ಕೂ ನಪುಂಸಕಕ್ಕೂ ಕ್ರಿಯಾಪದದ ರೂಪವೊಂದೇ. ಆ ರೂಢಿಯನ್ನೇ ಅವನು ಕನ್ನಡಕ್ಕೆ ತಂದಿರುತ್ತಾನೆ. ಉರ್ದುವಿನಲ್ಲಾದರೋ ನಪುಂಸಕಲಿಂಗವೇ ಇಲ್ಲ. ರೊಟ್ಟಿಯು ಸ್ತ್ರೀಲಿಂಗ, ನೀರು ಪುಲ್ಲಿಂಗ. ಆದುದರಿಂದ ಉರ್ದು ಕಲಿಯುವ ಕನ್ನಡಿಗನೂ ಲಿಂಗದಲ್ಲಿಯೇ ಎಡವುವನು. ಕೇಳುವವನಿಗೆ ಅರ್ಥವಾಗುವುದರಿಂದ ಯಾರೂ ತಿದ್ದುವುದಿಲ್ಲ. ತಿದ್ದದ ತಪ್ಪು ರೂಢಿಯಾಗಿ ನಿಲ್ಲುವುದು.

ಇಂಥ ರೂಢಿಯು ತಲೆಮಾರುಗಳವರೆಗೆ ಬಲಿತರೆ ಏನಾಗುವುದೆಂಬುದಕ್ಕೆ ಇನ್ನೊಂದು ಗಡಿಪ್ರದೇಶದ ಊರು, ಸಾಂಗ್ಲಿ ಜಿಲ್ಲೆಯ ಕುಪವಾಡ, ನಿದರ್ಶನವಾಗಿದೆ. ಅಲ್ಲಿಯ ಕನ್ನಡ, ಮರಾಠಿ, ಉರ್ದುಗಳ ಶಬ್ದಗಳು ಬೇರೆಬೇರೆಯಾಗಿ ಉಳಿದರೂ ವಾಕ್ಯರಚನೆಯು ಬಹುಮಟ್ಟಿಗೆ ಒಂದಾಗಿದೆಯೆಂದು ಗಂಪರ್ಜ್ ಮತ್ತು ವಿಲ್ಸನ್ ಎಂಬ ವಿದ್ವಾಂಸರು 1971ರಲ್ಲಿ ತೋರಿಸಿದರು. ಸಂಭಾಷಣೆಯು ನೆರೆಹೊರೆಯನ್ನು ಬೆಸೆಯುವುದು. ಗ್ರಂಥಭಾಷೆಯ ನಿಯಮವನ್ನು ತಾನಾಗಿ ಕಲಿಸದು.

ಹಾಗೆಂದು ಮೊದಲ ದಿನವೇ ವಿಭಕ್ತಿಪ್ರತ್ಯಯಗಳನ್ನು ಬಾಯಿಪಾಠ ಮಾಡಿಸುವುದು ಯುಕ್ತವೇ? ಅಲ್ಲವೆಂದು ನಮ್ಮ ಮತ. ಕೇಶಿರಾಜನು 13ನೆಯ ಶತಮಾನದಲ್ಲಿ 'ಶಬ್ದಮಣಿದರ್ಪಣ'ವನ್ನು ರಚಿಸುವುದಕ್ಕೆ ಬಹುಕಾಲ ಮೊದಲೇ, ಇದೇ ಸೀಮೆಯ ಮಳಖೇಡದಿಂದ ಆಳಿದ ನೃಪತುಂಗನ ಕಾಲದ 'ಕವಿರಾಜಮಾರ್ಗ'ವು ಓದುಬರಹವಿಲ್ಲದ ಜನರ ನುಡಿಜಾಣ್ಮೆಯನ್ನು ಕೊಂಡಾಡಿತು. ನುಡಿ ಮೊದಲು, ನಿಯಮ ತರುವಾಯ.

ನಿಜವಾದ ಕೊರತೆಯು ಬೇರೆಡೆ ಇದೆ. 1948ರವರೆಗೆ ನಿಜಾಮರ ಆಳಿಕೆಯಲ್ಲಿ ಕಚೇರಿಗೂ ಶಾಲೆಗೂ ಉರ್ದುವೇ ಮುಖ್ಯವಾಗಿದ್ದಿತು. ಅನ್ಯಭಾಷಿಕನೊಡನೆ ಅವನ ನುಡಿಯಲ್ಲಿಯೇ ಮಾತನಾಡುವ ಕನ್ನಡಿಗರ ರೂಢಿಯು ಇಲ್ಲಿ ಅಂದೇ ಬಲಿಯಿತೆಂದು ತೋರುವುದು. 1956ರಲ್ಲಿ ಪ್ರಾಂತವು ಒಂದಾದರೂ ಆ ರೂಢಿಯು ಅಳಿಯಲಿಲ್ಲ. ವಾಡಿ ಜಂಕ್ಷನ್ನಿನಲ್ಲಿ ಒಬ್ಬನು ತೊದಲುಗನ್ನಡದಲ್ಲಿ ದಾರಿ ಕೇಳಿದರೆ ಹಿಂದಿಯಲ್ಲಿ ಉತ್ತರ ಬರುವುದುಂಟು. ಇದು ಸೌಜನ್ಯವೇ ಸರಿ. ಆದರೆ ಕಲಿಯಬಂದವನ ಬಾಯನ್ನು ಕಟ್ಟುವ ಸೌಜನ್ಯ. 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮವು ಶಾಲೆಗಳಲ್ಲಿ ಕನ್ನಡವನ್ನು ಕಡ್ಡಾಯ ಮಾಡಿದೆ. ಬೀದಿಯಲ್ಲಿ ಕೇಳಿಬರದ ನುಡಿಯ ವ್ಯಾಕರಣವನ್ನು ಶಾಸನವೊಂದೇ ಕಲಿಸಲಾರದು.

ಉಪಾಯವು ಸುಲಭವಾದುದು. ಬಾಲಕನು 'ಅಕ್ಕ ಬಂತು' ಎಂದರೆ ನಗಬೇಡಿರಿ, ಬೇರೆ ನುಡಿಗೆ ಹೊರಳಬೇಡಿರಿ. 'ಹೌದೇ, ಅಕ್ಕ ಬಂದಳೇ?' ಎಂದು ಕೇಳಿರಿ. ಇಂಥ ಹತ್ತಾರು ಮಾತುಗಳಾದ ಮೇಲೆ ಉಪಾಧ್ಯಾಯರು ಲಿಂಗದ ಸೂತ್ರವನ್ನು ಹೇಳಲಿ. ಆಗ ಆ ಸೂತ್ರವು ಹೊರೆಯಾಗದೆ, ತಾನು ಆಡಿದ ಮಾತಿನ ಲೆಕ್ಕವೆಂದೇ ಅವನಿಗೆ ತೋರುವುದು. ಶಾಲೆಯೂ ಸಂತೆಯೂ ಈ ಕೆಲಸದಲ್ಲಿ ಕೈಗೂಡಿಸಬೇಕೆಂದು ವಾಚಕರಲ್ಲಿ ನಮ್ಮ ವಿಜ್ಞಾಪನೆ.