ಒಂದೇ ‘ಕರೆಂಟ್’, ನಾಲ್ಕು ಅರ್ಥ

‘ಕರೆಂಟ್ ಹೋಯ್ತು.’ ‘ಕರೆಂಟ್ ಬಿಲ್ ಬಂತು.’ ‘ಗೀಸರ್ ಸಿಕ್ಕಾಪಟ್ಟೆ ಕರೆಂಟ್ ಎಳೆಯುತ್ತೆ.’ ‘ಕರೆಂಟ್ ಹೊಡೀತು.’ ನಾವೆಲ್ಲ ಆಡುವ ಮಾತುಗಳೇ. ಪದ ಒಂದೇ ಆದ್ರೂ ಭೌತವಿಜ್ಞಾನದ ಲೆಕ್ಕದಲ್ಲಿ ನಾಲ್ಕೂ ಬೇರೆ. ಹೋದದ್ದು ವೋಲ್ಟೇಜ್. ಬಿಲ್ ಬಂದದ್ದು ಶಕ್ತಿಗೆ. ಗೀಸರ್ ವಿಷಯದಲ್ಲಿ ನಾವು ಹೇಳ್ತಿರೋದು ಸಾಮರ್ಥ್ಯ, ಅಂದ್ರೆ ವ್ಯಾಟ್. ನಿಜವಾದ ಕರೆಂಟ್, ಅಂದ್ರೆ ವಿದ್ಯುತ್ ಪ್ರವಾಹ, ಮೈಯೊಳಗೆ ಹರಿದ ಆ ಕೊನೆಯದು.

ಸ್ಕೂಲಲ್ಲಿ ‘ವಿಭವಾಂತರ’ ಅಂತ ಬಾಯಿಪಾಠ ಮಾಡಿದ್ವಿ, ಪರೀಕ್ಷೆ ಮುಗಿದ ಮೇಲೆ ಮರೆತ್ವಿ. ಪದ ಕಷ್ಟ ಅಂತಲ್ಲ. ಅದನ್ನು ಮನೆಯ ಮೀಟರಿಗೆ ಜೋಡಿಸಿ ತೋರಿಸಿದವರು ಕಡಿಮೆ. ಜಿ.ಟಿ. ನಾರಾಯಣ ರಾವ್, ಜೆ.ಆರ್. ಲಕ್ಷ್ಮಣರಾವ್ ಅಂಥವರು ಇದೇ ಮೈಸೂರಲ್ಲಿದ್ದು ದಶಕಗಳ ಕಾಲ ವಿಜ್ಞಾನವನ್ನು ಕನ್ನಡದಲ್ಲಿ ಬರೆದರು. ಹಳೇ ಪುಸ್ತಕದಂಗಡಿಯಲ್ಲಿ ಸಿಕ್ಕರೆ ಬಿಡಬೇಡಿ.

ಈಗ ಭಾನುವಾರ ಸಂಜೆಯ ಅರಮನೆಗೆ ಬನ್ನಿ. ಸುಮಾರು ಒಂದು ಲಕ್ಷ ಬಲ್ಬು. ಒಂದೊಂದೂ 15 ವ್ಯಾಟ್ ಅಂತ ಇಟ್ಕೊಳ್ಳಿ. ಒಟ್ಟು 15 ಲಕ್ಷ ವ್ಯಾಟ್, ಅಂದ್ರೆ 1500 ಕಿಲೋವ್ಯಾಟ್. ಇದು ಸಾಮರ್ಥ್ಯ, ಶಕ್ತಿ ಎಷ್ಟು ಬೇಗ ಖರ್ಚಾಗ್ತಿದೆ ಅನ್ನೋ ವೇಗ. ಒಂದು ಗಂಟೆ ಉರಿಸಿದರೆ 1500 ಯೂನಿಟ್. ತಿಂಗಳಿಗೆ 100 ಯೂನಿಟ್ ಬಳಸುವ ಮನೆಗೆ ಹದಿನೈದು ತಿಂಗಳಿಗೆ ಸಾಕು! ಅದೇ ಅರಮನೆಯನ್ನು ಎರಡೇ ಸೆಕೆಂಡ್ ಬೆಳಗಿಸಿ ಆರಿಸಿದರೆ? ಒಂದು ಯೂನಿಟ್ಟೂ ಆಗಲ್ಲ. ಸಾಮರ್ಥ್ಯ ಅಷ್ಟೇ ಇತ್ತು, ಸಮಯ ಸಿಗಲಿಲ್ಲ.

ಹಾಗಾಗಿ ಗೀಸರಿಗೆ ಬೈಯುವ ಮೊದಲು ಲೆಕ್ಕ ಹಾಕಿ. 2000 ವ್ಯಾಟಿನ ಗೀಸರ್ ಕಾಲು ಗಂಟೆಗೆ ಅರ್ಧ ಯೂನಿಟ್. ರಾತ್ರಿ ಎಂಟು ಗಂಟೆ ತಿರುಗುವ 75 ವ್ಯಾಟಿನ ಫ್ಯಾನ್ 0.6 ಯೂನಿಟ್. ಅಮ್ಮ ದಿನಾ ಗದರುವ ಮೊಬೈಲ್ ಚಾರ್ಜಿಂಗ್? ಸುಮಾರು ನಲವತ್ತು ಸಲ ಫುಲ್ ಮಾಡಿದರೆ ಒಂದು ಯೂನಿಟ್.

ವೋಲ್ಟೇಜನ್ನು ಟ್ಯಾಂಕಿನ ಎತ್ತರಕ್ಕೆ, ಕರೆಂಟನ್ನು ಪೈಪಿನ ನೀರಿಗೆ ಹೋಲಿಸೋದು ವಾಡಿಕೆ. ಶುರುವಿಗೆ ಒಳ್ಳೆಯದೇ. ಆದ್ರೆ ಪೈಪ್ ಕತ್ತರಿಸಿದರೆ ನೀರು ಚೆಲ್ಲುತ್ತೆ, ತಂತಿ ಕತ್ತರಿಸಿದರೆ ಕರೆಂಟ್ ನಿಲ್ಲುತ್ತೆ. ಅದಕ್ಕೆ ಹೋಗಿ ಬರುವ ಪೂರ್ತಿ ದಾರಿ ಬೇಕು. ಒದ್ದೆ ಬಾತ್‌ರೂಮಲ್ಲಿ ಬರಿಗಾಲಲ್ಲಿ ನಿಂತು ಕೆಟ್ಟ ಗೀಸರ್ ಮುಟ್ಟಿದಾಗ ಆ ದಾರಿ ನಾವೇ ಆಗ್ತೀವಿ.

‘ಎಂಸಿಬಿ ಇದೆಯಲ್ಲ, ಟ್ರಿಪ್ ಆಗುತ್ತೆ’ ಅಂತ ಬಹಳ ಜನ ನಂಬಿದ್ದಾರೆ. ಇಲ್ಲೇ ಅಪಾಯ. ಆ ಗೀಸರ್ ಸಹಜವಾಗಿಯೇ ಸುಮಾರು 9 ಆಂಪಿಯರ್ ಎಳೆಯುತ್ತೆ, ಅದರ ಎಂಸಿಬಿ 16 ಆಂಪಿಯರಿನದು. ಮೈಯಲ್ಲಿ 0.1 ಆಂಪಿಯರ್ ಹರಿದರೂ ಜೀವ ಹೋಗಬಹುದು, ಎಂಸಿಬಿಗೆ ಅದು ಗೊತ್ತೂ ಆಗಲ್ಲ. ಅದು ತಂತಿ ಸುಡದಂತೆ ಕಾಯುವ ಕಾವಲುಗಾರ. ನಮ್ಮನ್ನು ಕಾಯೋದು ಆರ್‌ಸಿಸಿಬಿ. ಹೋದ ಕರೆಂಟೂ ವಾಪಸ್ ಬಂದ ಕರೆಂಟೂ ತಾಳೆಯಾಗದೆ, ಮನೆಗಳಲ್ಲಿ ಹಾಕುವ ಮಾದರಿಯಲ್ಲಿ 0.03 ಆಂಪಿಯರ್ ವ್ಯತ್ಯಾಸ ಬಂದರೂ, ಕ್ಷಣದಲ್ಲಿ ಕಡಿದುಹಾಕುತ್ತೆ.

ಬಾಡಿಗೆ ಮನೆಯಾದರೂ ಸರಿ, ಇವತ್ತೇ ಬೋರ್ಡ್ ತೆರೆದು ನೋಡಿ. ‘ಟಿ’ ಅಕ್ಷರದ ಪುಟ್ಟ ಗುಂಡಿ ಇದ್ದರೆ ಒತ್ತಿ. ಟಪ್ ಅಂತ ಬೀಳಬೇಕು. ಬೀಳದಿದ್ದರೆ, ಅಥವಾ ಗುಂಡಿಯೇ ಇಲ್ಲದಿದ್ದರೆ, ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ.