ಬಾಲವಿಲ್ಲದ ಫೋನು

ಮನೆಗೆ ಕಾರ್ಡ್‌ಲೆಸ್ ಫೋನು ತರುತ್ತೇನೆ ಎನ್ನುವವರಿಗೆ ನಾನು ಕೇಳುವ ಪ್ರಶ್ನೆ ಒಂದೇ: ಕರೆಂಟು ಹೋದಾಗ ಏನು ಮಾಡುತ್ತೀರಿ? ಹೀಗೆ ಕೇಳಿದವನನ್ನು ಜನ ಹಳೇ ಕಾಲದವನೆಂದು ನೋಡುತ್ತಾರೆ. ನೋಡಲಿ. ಅಂಗಡಿಯವರು ರೇಂಜು ಎಷ್ಟೆಂದು ಹೇಳುತ್ತಾರೆ, ಎಷ್ಟು ನಂಬರು ನೆನಪಿಟ್ಟುಕೊಳ್ಳುತ್ತದೆಂದು ಹೇಳುತ್ತಾರೆ, ಹತ್ತು ಬಗೆಯ ರಿಂಗು ಬಾರಿಸಿ ತೋರಿಸುತ್ತಾರೆ. ಕರೆಂಟಿನ ಮಾತನ್ನು ಮಾತ್ರ ಯಾರೂ ಎತ್ತುವುದಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಬಾಳುವೆ ಮಾಡುವವರೂ ಎತ್ತುವುದಿಲ್ಲವಲ್ಲ, ಅದಕ್ಕೆ ನನ್ನ ಸಿಟ್ಟು.

ನಾನೇನೂ ಕಾರ್ಡ್‌ಲೆಸ್ಸಿನ ವೈರಿಯಲ್ಲ. ಸಾಗರದ ಕಡೆಯ ನಮ್ಮ ಮನೆಗೆ ಮೊದಲ ಫೋನು ಬಂದಾಗ ಅದಕ್ಕೆ ಜಾಗ ಸಿಕ್ಕಿದ್ದು ಚಾವಡಿಯಲ್ಲಿ, ಅಪ್ಪನ ಆರಾಮ ಕುರ್ಚಿಯ ಪಕ್ಕ. ಅಡಿಕೆ ಧಾರಣೆ ಕೇಳುವುದಕ್ಕೆ ಅದು ಸರಿಯಾದ ಜಾಗವೇ. ಆದರೆ ಅಮ್ಮ ತನ್ನ ತಂಗಿಯ ಹತ್ತಿರ ಮಾತಾಡಬೇಕೆಂದರೆ ಕವಳ ಹಾಕುತ್ತ ಕುಳಿತ ನಾಲ್ಕು ಗಂಡಸರ ಎದುರಿಗೇ ಆಡಬೇಕಿತ್ತು. "ಹ್ಞೂಂ, ಎಲ್ಲ ಆರಾಮು, ಇಡ್ತೆ" ಎಂದು ಎರಡು ನಿಮಿಷದಲ್ಲಿ ಮುಗಿಸಿಬಿಡುತ್ತಿದ್ದಳು. ಅಪ್ಪ ಹೋದ ಮೇಲೆ, 2005ರಲ್ಲಿ, ಅಮ್ಮನಿಗೆ ಮಂಡಿನೋವೆಂದು ನಾನು ಕಾರ್ಡ್‌ಲೆಸ್ ತಂದೆ. ಮೊದಲ ದಿನವೇ ಅದನ್ನು ಅಡಿಗೆಮನೆಗೆ ಒಯ್ದು ಬಾಗಿಲು ಮುಂದೆ ಮಾಡಿಕೊಂಡು ಒಂದು ತಾಸು ಮಾತಾಡಿದಳು. ಇವಳ ಬಳಿ ಇಷ್ಟೊಂದು ಮಾತು ಉಳಿದಿತ್ತೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಮನೆಗೆಲಸದವಳು ಅದಕ್ಕೆ 'ಬಾಲವಿಲ್ಲದ ಫೋನು' ಎಂದು ಹೆಸರಿಟ್ಟಳು. ಹೆಸರು ನಿಂತಿತು.

ನಾನು ಮಾಡಿದ ತಪ್ಪು ಬೇರೆ. ಹೊಸದು ಬಂತಲ್ಲ ಎಂದು ಹಳೆಯ ಕಪ್ಪು ಫೋನನ್ನು ಅಟ್ಟಕ್ಕೆ ಹಾಕಿದೆ.

2007ರ ಆಷಾಢದಲ್ಲಿ ನಾನೂ ಹೆಂಡತಿಯೂ ತೀರ್ಥಹಳ್ಳಿಗೆ ಒಂದು ತಿಥಿಗೆ ಹೋದವರು ಮಳೆಗೆ ಸಿಕ್ಕಿ ಅಲ್ಲೇ ಉಳಿದೆವು. ಹಿಂದಿನ ದಿನ ಮಧ್ಯಾಹ್ನವೇ ಮರ ಬಿದ್ದು ಊರಿಗೆ ಕರೆಂಟಿರಲಿಲ್ಲ. ಸಂಜೆ ಅಮ್ಮ ಬಚ್ಚಲಿನ ಹಾದಿಯಲ್ಲಿ ಜಾರಿ ಬಿದ್ದಳು. ಸೊಂಟದ ಎಲುಬು ಮುರಿದಿತ್ತು, ಏಳಲಾಗಲಿಲ್ಲ. ಕೈಯಲ್ಲಿ ಹ್ಯಾಂಡ್‌ಸೆಟ್ಟು ಇತ್ತು. ಅದರಲ್ಲಿ ಬ್ಯಾಟರಿಯಿತ್ತು, ಗುಂಡಿ ಒತ್ತಿದರೆ ದೀಪವೂ ಹತ್ತುತ್ತಿತ್ತು. ರಾತ್ರಿಯಿಡೀ ಒತ್ತಿದಳಂತೆ. ಬೆಳಿಗ್ಗೆ ಹಾಲಿಗೆ ಬಂದ ಪಕ್ಕದ ಮನೆಯ ಹುಡುಗ ನೋಡಿದ. ಮಾರನೆಯ ದಿನ ನಾನು ಅಟ್ಟದಿಂದ ಕಪ್ಪು ಫೋನನ್ನು ಇಳಿಸಿ ಸಿಕ್ಕಿಸಿದೆ. ಕರೆಂಟು ಆಗಲೂ ಬಂದಿರಲಿಲ್ಲ. ಡಯಲ್ ಟೋನು ಮಾತ್ರ ಸ್ಪಷ್ಟವಾಗಿ ಕೇಳಿಸಿತು. ಲೈನು ಸರಿಯಾಗೇ ಇತ್ತು. ಆ ಸದ್ದು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ.

ಕಾರಣ ಸರಳ. ಹ್ಯಾಂಡ್‌ಸೆಟ್ಟು ನೇರವಾಗಿ ಎಕ್ಸ್‌ಚೇಂಜಿನ ಜೊತೆ ಮಾತಾಡುವುದಿಲ್ಲ, ಗೋಡೆಯ ಬದಿಯಲ್ಲಿ ಕೂತ ಬೇಸಿನ ಜೊತೆ ಮಾತಾಡುತ್ತದೆ. ಬೇಸು ಬದುಕುವುದು ಮನೆಯ ಕರೆಂಟಿನಿಂದ. ಹಳೆಯ ಫೋನಾದರೋ ಎಕ್ಸ್‌ಚೇಂಜಿನ 48 ವೋಲ್ಟಿನ ಬ್ಯಾಟರಿಯಿಂದ, ಮಾತು ಬರುವ ತಾಮ್ರದ ತಂತಿಯಲ್ಲೇ ತನ್ನ ಅನ್ನವನ್ನೂ ತರಿಸಿಕೊಳ್ಳುತ್ತಿತ್ತು. ಊರೆಲ್ಲ ಕತ್ತಲಾದಾಗಲೂ ಅದು ಬಾರಿಸುತ್ತಿದ್ದುದು ಅದಕ್ಕೇ.

ಹಾಗಾಗಿ ಆರಿಸುವವರಿಗೆ ನನ್ನ ಮಾತು ಇಷ್ಟು. ಬೇಸಿಗೇ ತಂತಿಯ ರಿಸೀವರು ಇರುವ, ಕರೆಂಟಿಲ್ಲದಾಗಲೂ ಅದರಲ್ಲಿ ಮಾತಾಡಬಹುದಾದ ಮಾದರಿ ಸಿಕ್ಕರೆ ಅದನ್ನೇ ತನ್ನಿ. ಇಲ್ಲವೇ ಒಂದು ಸಾದಾ ಫೋನನ್ನು ಅದೇ ಲೈನಿಗೆ ಜೋಡಿಸಿ, ಮುದುಕರ ಮಂಚದ ಬಳಿ, ನೆಲದಿಂದ ಕೈಗೆಟುಕುವಷ್ಟು ತಗ್ಗಿನಲ್ಲಿಡಿ. ಡಬ್ಬಿಯ ಮೇಲೆ ಬಯಲಲ್ಲಿ 300 ಮೀಟರ್, ಮನೆಯೊಳಗೆ 50 ಮೀಟರ್ ಎಂದು ಬರೆದಿರುತ್ತದೆ. ಬರೆದವರು ನಮ್ಮ ಜಂಬಿಟ್ಟಿಗೆ ಗೋಡೆಯನ್ನು ನೋಡಿದವರಲ್ಲ. ಬೇಸನ್ನು ಮನೆಯ ನಡುವೆ, ಎತ್ತರದಲ್ಲಿ, ಕಬ್ಬಿಣದ ಬೀರು ಮತ್ತು ಫ್ರಿಜ್ಜಿನಿಂದ ದೂರ ಇಡಿ. ಆಮೇಲೆ ಹಿತ್ತಿಲು, ಕೊಟ್ಟಿಗೆ, ಬಚ್ಚಲು ಎಲ್ಲ ಕಡೆ ಹೋಗಿ ಮಾತಾಡಿ ನೋಡಿ. ಬ್ಯಾಟರಿ ಹೋದಾಗ ಚಾರ್ಜಾಗುವ 1.2 ವೋಲ್ಟಿನದನ್ನೇ ಹಾಕಿ. ಟಾರ್ಚಿನ ಸೆಲ್ಲು ಹಾಕಿ ಚಾರ್ಜಿಗಿಟ್ಟರೆ ಒಡೆದು ಸೋರುತ್ತದೆ. ಗುಡುಗು ಶುರುವಾದರೆ ಕರೆಂಟಿನ ಪ್ಲಗ್ಗನ್ನೂ ಲೈನಿನ ಪಿನ್ನನ್ನೂ ಎರಡನ್ನೂ ಕೀಳಿ. ಬೇಸಿಗೆ ಎರಡು ಕಡೆಯಿಂದ ತಂತಿ, ಸಿಡಿಲಿಗೆ ಎರಡು ಬಾಗಿಲು.

"ಈಗ ಎಲ್ಲರ ಕೈಯಲ್ಲೂ ಮೊಬೈಲಿದೆ ಮಹಾರಾಯರೇ, ಇದೆಲ್ಲ ಯಾಕೆ?" ಎನ್ನುವವರಿದ್ದಾರೆ. ನಮ್ಮೂರಿನ ಟವರು ಕೂಡ ಕರೆಂಟಿನ ಮೇಲೇ ನಿಂತದ್ದು. ಅದರ ಬ್ಯಾಟರಿ ಮುಗಿದು, ಜನರೇಟರಿಗೆ ಡೀಸೆಲ್ ತರುವವನ ದಾರಿಗೂ ಮರ ಬಿದ್ದರೆ ನಿಮ್ಮ ಮೊಬೈಲು ಟಾರ್ಚಿಗಿಂತ ಹೆಚ್ಚಿನದೇನಲ್ಲ. ಟವರು ಸರಿಯಿದ್ದ ದಿನವೂ ನಮ್ಮ ಮನೆಯಲ್ಲಿ ಸಿಗ್ನಲ್ಲು ಸಿಗುವುದು ಮೆಟ್ಟುಗತ್ತಿಯ ಪಕ್ಕದ ಕಿಟಕಿಯಲ್ಲಿ. ಬಿದ್ದವರು ಅಲ್ಲಿಯ ತನಕ ತೆವಳಿಕೊಂಡು ಹೋಗಬೇಕೇನು?

ಇನ್ನೊಂದು ಮಾತನ್ನು ಮುಚ್ಚಿಟ್ಟರೆ ನನ್ನ ವಾದಕ್ಕೇ ಮೋಸ. ಈಗ ತಾಮ್ರದ ತಂತಿಯೇ ಹೋಗಿ ಫೈಬರು ಬರುತ್ತಿದೆ. ಗಾಜಿನ ಎಳೆಯಲ್ಲಿ ಬೆಳಕು ಬರುತ್ತದೆಯೇ ಹೊರತು ಕರೆಂಟು ಬರುವುದಿಲ್ಲ. ಫೈಬರಿನ ಡಬ್ಬಿಗೂ ಮನೆಯ ಕರೆಂಟೇ ಬೇಕು; ಅದು ಆರಿದರೆ ಕಪ್ಪು ಫೋನೂ ಕಲ್ಲಿನ ತುಂಡು. ಹಾಗೆಂದು ನನ್ನ ಪ್ರಶ್ನೆ ಹಳತಾಗಲಿಲ್ಲ, ಇನ್ನೂ ಹರಿತವಾಯಿತು. ಆ ಡಬ್ಬಿಗೂ ಕಾರ್ಡ್‌ಲೆಸ್ಸಿನ ಬೇಸಿಗೂ ಬ್ಯಾಟರಿಯ ಆಸರೆ ಕೊಡಿ. ದೊಡ್ಡ ಇನ್ವರ್ಟರೇ ಬೇಕೆಂದಿಲ್ಲ, ಸಣ್ಣ ಯುಪಿಎಸ್ ಸಾಕು. ಟಿವಿಗೆ ಇನ್ವರ್ಟರು ಹಾಕಿ, ಫೋನಿನ ಪ್ಲಗ್ಗನ್ನು ಹೊರಗೆ ಬಿಟ್ಟ ಮನೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಅಮ್ಮ ಆಮೇಲೆ ನಾಲ್ಕು ವರ್ಷ ಕೋಲು ಹಿಡಿದು ಓಡಾಡಿದಳು. ಹಗಲಿಗೆ ಬಾಲವಿಲ್ಲದ್ದು, ರಾತ್ರಿಗೆ ಬಾಲವಿದ್ದದ್ದು ಎಂದು ತಾನೇ ಕಟ್ಟಳೆ ಮಾಡಿಕೊಂಡಿದ್ದಳು. ಆ ರಾತ್ರಿಯ ಬಗ್ಗೆ ನನ್ನನ್ನು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ನೀವು ಹೊಸ ಫೋನು ತಂದ ದಿನ ಒಂದು ಕೆಲಸ ಮಾಡಿ. ಮೇನ್ ಸ್ವಿಚ್ಚು ಆರಿಸಿ, ಮನೆಯ ಹಿರಿಯ ಜೀವವನ್ನು ಕರೆದು, "ಪಕ್ಕದ ಮನೆಗೊಂದು ಫೋನು ಮಾಡು" ಎನ್ನಿ. ಹೋದರೆ ಫೋನು ಸರಿಯಾಗಿ ಕೂತಿದೆ. ಹೋಗದಿದ್ದರೆ ನೀವು ತಂದದ್ದು ಆಟದ ಸಾಮಾನು.